ಅಪ್ಪನ ವ್ಯಾನು ಒಂದು ಗೇಣು ಎತ್ತರವಾದದ್ದು

ಆಗದ ಮಾತು ಅಂದವರು ನಮ್ಮ ದೊಡ್ಡಪ್ಪ. ಊರಿನ ಅರಳಿಕಟ್ಟೆ ಮೇಲೆ ಕೂತು, ದವಡೆಗೆ ಎಲೆಅಡಿಕೆ ಒತ್ತಿಕೊಂಡು, ನಾಲ್ಕು ಜನಕ್ಕೆ ಕೇಳುವ ಹಾಗೆ ಅಂದರು. "ಮಳೆಗಾಲದಲ್ಲಿ ಇವನ ವ್ಯಾನು ಕೋಡಿ ದಾಟೋದೂ ಇಲ್ಲ, ಇವನ ಮಗಳು ಬಿ.ಎ. ಮಾಡೋದೂ ಇಲ್ಲ. ಎರಡೂ ಆಗದ ಮಾತು."

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆ ವರ್ಷ ನೋಡಿದವರು ಯಾರಾದರೂ ಹಾಗೇ ಅನ್ನುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಅದು. ಕಂಟೋನ್ಮೆಂಟಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಬಿ.ಎ. ಕೊನೇ ವರ್ಷ ನನಗೆ ಹಾಜರಿ ಸಾಲದೆ ಪರೀಕ್ಷೆಗೆ ಕೂರಿಸಲಿಲ್ಲ. ಓದಿನಲ್ಲಿ ನಾನು ಹಿಂದೆ ಬಿದ್ದವಳಲ್ಲ. ಮಳೆಗಾಲದಲ್ಲಿ ಕಾಲೇಜು ಮುಟ್ಟೋಕೇ ಆಗುತ್ತಿರಲಿಲ್ಲ, ಅಷ್ಟೆ. ಪ್ರಿನ್ಸಿಪಾಲರು ಅಪ್ಪನನ್ನೇ ಕರೆಸಿ ಹೇಳಿದ್ದರು: ಅದೇ ತರಗತಿಗೆ ಇನ್ನೊಂದು ವರ್ಷ ಕೂರಲಿ, ಆದರೆ ಈ ಸಲವೂ ಹೀಗೇ ಆದರೆ ಆಮೇಲೆ ಸೀಟು ಇಲ್ಲ. ಅಂದರೆ ನನಗಿದ್ದದ್ದು ಇನ್ನೊಂದೇ ಮಳೆಗಾಲ.

ನಮ್ಮ ಹಳ್ಳಿ ಗರುಡಾಚಾರ್‌ಪಾಳ್ಯದಿಂದ ಇನ್ನೂ ಒಳಕ್ಕೆ, ಒಂದು ಕೆರೆಯ ಹಿಂದೆ. ಊರ ಹೆಂಗಸರು ಬೆಳೆದ ಸೊಪ್ಪು, ಬದನೆ, ಹೂವು ಎಲ್ಲವನ್ನೂ ಅಪ್ಪ ಬೆಳಗಿನ ಜಾವ ತುಂಬಿಕೊಂಡು ಕೃಷ್ಣರಾಜಪುರದ ಮೇಲೆ ಹಳೇ ಮದ್ರಾಸ್ ರಸ್ತೆ ಹಿಡಿದು, ಅಲಸೂರು ಕೆರೆ ಬಳಸಿ, ಬ್ಲಾಕ್‌ಪಲ್ಲಿ ಮಾರ್ಕೆಟ್ಟಿಗೆ ಹಾಕುತ್ತಿದ್ದ. ಈಗ ಎಲ್ಲರೂ ಶಿವಾಜಿನಗರ ಅನ್ನುತ್ತಾರಲ್ಲ, ಅದು. ಇಂದಿರಾನಗರ ಅನ್ನುವ ಹೆಸರೇ ಆಗ ಹುಟ್ಟಿರಲಿಲ್ಲ. ಆ ಕಡೆಯೆಲ್ಲ ರಾಗಿ ಹೊಲ. ಅಪ್ಪನ ಗಾಡಿಗೆ ಈಗಿನವರು ಪಿಕಪ್ ಅನ್ನುತ್ತಾರೆ, ನಾವು ವ್ಯಾನು ಅನ್ನುತ್ತಿದ್ದೆವು. ಮುಂದೆ ಇಬ್ಬರು ಕೂರುವ ಗೂಡು, ಹಿಂದೆ ಬಯಲು ತೊಟ್ಟಿ, ತೊಟ್ಟಿಯ ಸುತ್ತ ಮರದ ಹಲಗೆ. ಅಪ್ಪ ಕೊಳ್ಳುವ ಹೊತ್ತಿಗಾಗಲೇ ಅದು ಹಳೇ ಗಾಡಿ. ಅದರ ಮುಂದಿನ ಸೀಟಿನಲ್ಲಿ ಕೂತು ನಾನು ಕಾಲೇಜಿಗೆ ಹೋಗುತ್ತಿದ್ದೆ.

ರೈಲು ಇರಲಿಲ್ಲವಾ ಅಂತ ಮೊಮ್ಮಕ್ಕಳು ಕೇಳುತ್ತಾರೆ. ಇತ್ತು. ಆದರೆ ಅದು ಬರುವ ಹೊತ್ತೇ ಬೇರೆ, ನಮ್ಮ ಮೊದಲ ಪಾಠದ ಹೊತ್ತೇ ಬೇರೆ. ಅದೂ ಅಲ್ಲದೆ ಡಬ್ಬಿ ತುಂಬ ಊರಿಗೆ ಮರಳುವ ಸಿಪಾಯಿಗಳು. ಅವ್ವ ಒಂದೇ ಮಾತು ಅಂದಿದ್ದಳು: "ಅಪ್ಪನ ಜೊತೆ ಹೋದ್ರೆ ಹೋಗು. ಇಲ್ದಿದ್ರೆ ಬೇಡ." ಅವಳ ಒಂದು ಮಾತಿಗೆ ನಮ್ಮ ಮನೆಯಲ್ಲಿ ಎರಡನೆಯದು ಇರಲಿಲ್ಲ.

ಕಷ್ಟವಿದ್ದದ್ದು ಕೋಡಿಯಲ್ಲಿ. ಕೆರೆ ತುಂಬಿದರೆ ಕೋಡಿ ನೀರು ನಮ್ಮ ದಾರಿಯ ಮೇಲೆ ಹರಿಯುತ್ತಿತ್ತು. ಅಲ್ಲಿ ಎತ್ತಿನ ಗಾಡಿಗಳು ಎಷ್ಟೋ ಕಾಲದಿಂದ ಓಡಾಡಿ ಎರಡು ಆಳದ ಜಾಡು ಬಿದ್ದು, ನಡುವೆ ಆನೆ ಬೆನ್ನಿನ ಹಾಗೆ ಒಂದು ದಿಣ್ಣೆ ಉಳಿದಿತ್ತು. ಎತ್ತಿನ ಗಾಡಿಯ ಅಚ್ಚು ಎತ್ತರ, ಅದಕ್ಕೆ ದಿಣ್ಣೆ ಲೆಕ್ಕಕ್ಕಿಲ್ಲ. ವ್ಯಾನಿನ ಚಕ್ರ ಜಾಡಿಗೆ ಇಳಿದರೆ ಅದರ ಹೊಟ್ಟೆ ದಿಣ್ಣೆ ಮೇಲೆ ಕೂತುಬಿಡುತ್ತಿತ್ತು. ಚಕ್ರ ಸುಮ್ಮನೆ ಕೆಸರು ಕಡೆಯುತ್ತಿತ್ತು. ಆಮೇಲೆ ಎತ್ತು ಕಟ್ಟಿ ಎಳೆಸಬೇಕು. ಅಷ್ಟು ಹೊತ್ತಿಗೆ ಸೊಪ್ಪು ಬಾಡಿ, ಕಾಲೇಜು ಗಂಟೆ ಹೊಡೆದು ಎಲ್ಲ ಮುಗಿದಿರುತ್ತಿತ್ತು.

ದೊಡ್ಡಪ್ಪ ಆ ಮಾತು ಅಂದ ದಿನ ರಾತ್ರಿ ಅಪ್ಪ ಊಟ ಮಾಡುವಾಗ ಮುದ್ದೆ ಮುರಿಯುತ್ತಾ ನನ್ನ ಕಡೆ ನೋಡದೆ ಅಂದ. "ದಿಣ್ಣೆ ಇಳಿಸೋಕೆ ಊರು ಒಪ್ಪಲ್ಲ, ಎತ್ತಿನ ಗಾಡಿ ಜಾಡು ಕೆಡುತ್ತೆ ಅಂತಾರೆ. ಗಾಡೀನೇ ಎತ್ತರಿಸಿಬಿಡೋಣ."

ಅವ್ವ ಸಾರಿನ ಸೌಟು ಹಿಡಿದವಳು ಹಾಗೇ ನಿಂತಳು. "ಗಾಡಿ ಏನು ಎಳೇ ಕೂಸಾ, ಬೆಳೆಯೋಕೆ?"

"ಬೆಳೆಸೋರು ಇದಾರೆ," ಅಂದ ಅಪ್ಪ.

ಬೆಳೆಸುವವರು ಬ್ಲಾಕ್‌ಪಲ್ಲಿಯಲ್ಲಿ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿದ್ದ ಮೇಸ್ತ್ರಿ ಸಾಹೇಬರು. ಯುದ್ಧಕಾಲದಲ್ಲಿ ಮಿಲಿಟರಿ ಲಾರಿಗಳ ಕೆಲಸ ಮಾಡಿದವರು. ಮನುಷ್ಯ ಕುಳ್ಳು, ಬಾಯಿ ದೊಡ್ಡದು. ಮನೆಯಲ್ಲಿ ದಖ್ಖನಿ ಉರ್ದು, ಕೂಲಿಗಳ ಜೊತೆ ತಮಿಳು, ಅಪ್ಪನ ಜೊತೆ ಅವರದೇ ಒಂದು ಕನ್ನಡ. ಬೇಸಿಗೆ ರಜದಲ್ಲಿ ಅಪ್ಪನ ಜೊತೆ ನಾನೂ ಹೋದೆ. ಅವರು ವ್ಯಾನಿನ ಕೆಳಗೆ ಒಮ್ಮೆ ನುಸುಳಿ ಎದ್ದು, ಟೋಪಿ ಕೊಡವಿಕೊಂಡರು.

"ಅರೆ ಭಾಯ್, ನನ್ನನ್ನ ನೋಡು. ಮೀಸೆ ಹಣ್ಣಾಯ್ತು, ಒಂದು ಇಂಚು ಬೆಳೀಲಿಲ್ಲ. ಆದ್ರೆ ಎಂಥಾ ಗಾಡೀನೂ ನಾನು ಬೆಳೆಸ್ತೀನಿ. ಎಷ್ಟು ಬೇಕು?"

ಅಪ್ಪ ಹೆಬ್ಬೆರಳು ಕಿರುಬೆರಳು ಅಗಲಿಸಿ ತೋರಿಸಿದ. "ಒಂದು ಗೇಣು."

"ಯಾರ ಗೇಣು? ನಿಂದಾ, ನಂದಾ?"

"ನಂದೇ."

"ಹಾಯ್ ಅಲ್ಲಾ!" ಅಂದರು ಸಾಹೇಬರು. ಅಪ್ಪನ ಅಂಗೈ ಮೊರದಷ್ಟಿತ್ತು.

ಕೆಲಸ ಹೀಗೆ ನಡೆಯಿತು. ಚಕ್ರದ ಅಚ್ಚಿನ ಮೇಲೆ ಗಾಡಿಯ ಭಾರ ಹೊರುವ ಕಮಾನು ಪಟ್ಟಿಗಳಿರುತ್ತವಲ್ಲ, ಮುಂದಿನವನ್ನು ಬಿಚ್ಚಿ, ಕುಲುಮೆಯಲ್ಲಿ ಕಾಯಿಸಿ, ಬಡಿದು, ಬಾಗು ಹೆಚ್ಚು ಮಾಡಿ, ಒಂದೊಂದು ಪಟ್ಟಿ ಹೆಚ್ಚಿಗೆ ಸೇರಿಸಿದರು. ಹಿಂದಿನ ಕಡೆ ಅಚ್ಚಿಗೂ ಕಮಾನಿಗೂ ನಡುವೆ ದಪ್ಪನೆಯ ಮರದ ತುಂಡು ಕೂರಿಸಿದರು. ಮರ ನಮ್ಮೂರ ಬಡಗಿ ಕೊಟ್ಟ ಜಾಲಿ, ಗಾಡಿ ಚಕ್ರದ ನಡುವಿನ ಗುಂಬಕ್ಕೆ ಅಂತ ಒಣಗಿಸಿಟ್ಟದ್ದು. ಸಾಹೇಬರು ಕಬ್ಬಿಣವೇ ಆಗಬೇಕು ಅಂದರು, ಅಪ್ಪ ಜಾಲಿಯೇ ಸಾಕು ಅಂದ. ಕೊನೆಗೆ ಜಾಲಿ ಮರಕ್ಕೆ ಕಬ್ಬಿಣದ ಪಟ್ಟಿ ತೊಡಿಸಿ ಇಬ್ಬರೂ ಗೆದ್ದರು. ಟೈರು ಮಿಲಿಟರಿಯವರು ರಾಶಿ ಹಾಕಿ ಮಾರಿದ್ದರಲ್ಲಿ ಹುಡುಕಿ ತಂದದ್ದು. ರಿಮ್ಮಿನ ಅಳತೆ ಅದೇ, ಟೈರು ಮಾತ್ರ ಎತ್ತರ, ದಪ್ಪ, ಮೈಯೆಲ್ಲ ಹಲಸಿನ ಹಣ್ಣಿನ ಹಾಗೆ ಮುಳ್ಳು ಮುಳ್ಳು. ಸ್ಟೇರಿಂಗು ತಿರುಗಿಸಿದರೆ ಮಡ್‌ಗಾರ್ಡಿಗೆ ಉಜ್ಜಿತು. ಸಾಹೇಬರು ಮಡ್‌ಗಾರ್ಡನ್ನು ಕತ್ತರಿಸಿ, ಅಂಚು ಮಡಿಸಿ, ಹೆಂಗಸರು ಸೀರೆಗೆ ಫಾಲು ಹಚ್ಚುವಷ್ಟು ನಯವಾಗಿ ಬಡಿದು ಕೂರಿಸಿದರು.

ಎಲ್ಲ ಮುಗಿಸಿ ಹೊರಟೆವು. ಅಲಸೂರು ಕೆರೆಯ ಹತ್ತಿರ ಬರುವಷ್ಟರಲ್ಲಿ ಅಪ್ಪ ಮೂಗು ಅರಳಿಸಿದ. "ಏನೋ ಸುಡ್ತಾ ಇದೆ." ಇಳಿದು ನೋಡಿದರೆ ನಾಲ್ಕೂ ಚಕ್ರದಿಂದ ಹೊಗೆ. ಆ ಕಾಲದ ಬ್ರೇಕು ಉದ್ದನೆಯ ಕಬ್ಬಿಣದ ಕಡ್ಡಿಗಳಿಂದ ಎಳೆಯುವಂಥದ್ದು. ಗಾಡಿ ಎತ್ತರವಾಯಿತು, ಕಡ್ಡಿ ಉದ್ದವಾಗಲಿಲ್ಲ. ಪೆಡಲು ತುಳಿಯದಿದ್ದರೂ ಬ್ರೇಕು ಬಿಗಿದುಕೊಂಡೇ ಇತ್ತು. ಕೆರೆ ನೀರು ತಂದು ಎರಚಿ, ಮೆಲ್ಲಗೆ ಗಲ್ಲಿಗೆ ವಾಪಸು ಹೋದರೆ ಸಾಹೇಬರು ಹಣೆ ಹಣೆ ಬಡಿದುಕೊಂಡರು.

"ಪೈಜಾಮಾ ಉದ್ದ ಮಾಡ್ದೆ ಭಾಯ್, ಲಾಡಿ ಮರೆತೆ!"

ಅಪ್ಪ ಆಗ ನಕ್ಕ ಹಾಗೆ ಆ ವರ್ಷವೆಲ್ಲ ಮತ್ತೆ ನಗಲಿಲ್ಲ. ನನಗೂ ನಗು. ಕಡ್ಡಿಗಳಿಗೆ ಬೆಸುಗೆ ಹಾಕಿಸಿ ಉದ್ದ ಮಾಡಿಸಿಕೊಂಡು ಊರಿಗೆ ಬಂದೆವು. ಕೋಡಿಯ ಹತ್ತಿರ ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ, ಕಿವಿ ಕೆಳಗೆ ಮಾಡಿ, ಇಂಚಿಂಚಾಗಿ ಜಾಡಿಗೆ ಇಳಿಸಿದ. ದಿಣ್ಣೆಯ ಹುಲ್ಲು ಹೊಟ್ಟೆಗೆ ಸವರಿದ ಸರಸರ ಸದ್ದು ಬಂತು. ಅಷ್ಟೇ. ದಾಟಿಬಿಟ್ಟಿತು. ಅಪ್ಪ ಆ ಕಡೆ ಹೋಗಿ ನಿಲ್ಲಿಸಿ, ಇಂಜಿನ್ ಆರಿಸಿದ. ಆಮೇಲೆ ನನ್ನ ಜಡೆ ಹಿಡಿದು ಒಂದು ಸಲ ಜಗ್ಗಿದ. ಬಹಳ ಖುಷಿಯಾದಾಗ ಅವನು ಮಾಡುತ್ತಿದ್ದದ್ದು ಅದೊಂದೇ.

ಗೆದ್ದೆವು ಅಂದುಕೊಂಡೆವು. ಮಾರನೇ ಬೆಳಿಗ್ಗೆ ಗೊತ್ತಾಯಿತು.

ನಮ್ಮೂರ ಹೆಂಗಸರು ಹೊರೆ ತುಂಬುವ ಪದ್ಧತಿ ಇದು. ತಲೆ ಮೇಲೆ ಸೊಪ್ಪಿನ ಮಂಕರಿ ಹೊತ್ತು ತೋಟದಿಂದ ಸೀದಾ ಬಂದು, ವ್ಯಾನಿನ ಹಲಗೆಗೆ ಪಕ್ಕ ಕೊಟ್ಟು ನಿಂತು, ಕತ್ತು ಸ್ವಲ್ಪ ಓಲಿಸಿದರೆ ಸಾಕು, ಮಂಕರಿ ತಲೆಯಿಂದ ಹಲಗೆಗೆ ಜಾರುತ್ತಿತ್ತು. ತೊಟ್ಟಿಯೊಳಗೆ ನಿಂತ ಅಪ್ಪ ಎಳೆದುಕೊಳ್ಳುತ್ತಿದ್ದ. ಯಾರೂ ಯಾರಿಗೂ ಕೈ ಕೊಡಬೇಕಾಗಿರಲಿಲ್ಲ. ಹಲಗೆ ಅವರ ಕಿವಿಯ ಮಟ್ಟಕ್ಕಿತ್ತು. ಅದನ್ನು ಯಾರೂ ಅಳೆದು ಮಾಡಿದ್ದಲ್ಲ, ತಾನಾಗಿ ಹೊಂದಿಕೊಂಡಿತ್ತು. ನಾವು ದಿಣ್ಣೆ ಅಳೆದೆವು, ಕೋಡಿ ನೀರು ಅಳೆದೆವು, ಅಪ್ಪನ ಗೇಣು ಅಳೆದೆವು. ಹೆಂಗಸರ ತಲೆ ಅಳೆಯಲಿಲ್ಲ.

ಮೊದಲು ಬಂದವಳು ನಮ್ಮತ್ತೆ, ಅಪ್ಪನ ಅಕ್ಕ. ಗಂಡ ಸತ್ತ ಮೇಲೆ ತವರಿಗೆ ಬಂದು, ಬಾವಿ ಹತ್ತಿರದ ತುಂಡು ನೆಲದಲ್ಲಿ ಕೊತ್ತಂಬರಿ, ದಂಟು, ಸಬ್ಬಸಿಗೆ ಹಾಕಿ ಬದುಕುತ್ತಿದ್ದಳು. ದಿನಾ ಹೊರೆಯ ಜೊತೆ ತಾನೂ ಮಾರ್ಕೆಟ್ಟಿಗೆ ಬರುತ್ತಿದ್ದಳು. ವ್ಯಾನಿನ ಪಕ್ಕ ಬಂದು ರೂಢಿಯ ಮೇಲೆ ಕತ್ತು ಓಲಿಸಿದಳು. ಮಂಕರಿ ಹಲಗೆಗೆ ಢಿಕ್ಕಿ ಹೊಡೆದು ಒದ್ದೆ ಕೊತ್ತಂಬರಿಯೆಲ್ಲ ಅವಳ ಮೈಮೇಲೆ.

"ಲೋ ತಮ್ಮ, ಇದೇನೋ ಇದು, ವ್ಯಾನೋ ಅಟ್ಟಾನೋ?"

ಹಿಂದಿದ್ದವಳು ಅಂದಳು: "ಏಣಿ ಎಲ್ಲಿ ಮಡಗಿದೀಯಪ್ಪ?"

"ಮಗಳಿಗೆ ಬಿ.ಎ., ನಮಗೆ ಕತ್ತುನೋವು," ಅಂದಳು ಮತ್ತೊಬ್ಬಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಅಪ್ಪ ಕೆಳಗಿಳಿದು ಒಂದೊಂದನ್ನೇ ಎತ್ತಿಕೊಟ್ಟ, ನಾನು ಮೇಲೆ ನಿಂತು ಎಳೆದುಕೊಂಡೆ. ಮುಗಿಯುವಷ್ಟರಲ್ಲಿ ಸೂರ್ಯ ನೆತ್ತಿಯ ಕಡೆ ಹೊರಟಿದ್ದ. ಹಲಗೆ ಕುಯ್ದುಹಾಕು ಅಂದರು ಯಾರೋ. ಕುಯ್ದರೆ ಹೊರೆ ಅರ್ಧ ಹಿಡಿಯುತ್ತೆ. ಎರಡು ದಿನ ಹೀಗೇ ಆಯಿತು. ಮೂರನೇ ದಿನ ಕೆಲವರು, ಬೇಡಪ್ಪ, ನಾವು ಎತ್ತಿನ ಗಾಡಿಗೇ ಹಾಕ್ತೀವಿ ಅಂದರು. ಅದು ಪೆಟ್ರೋಲಿಗೆ ಕೂಪನ್ನಿನ ಕಾಲ. ಸೊಪ್ಪು ತರಕಾರಿ ಸಾಗಿಸುವ ಗಾಡಿ ಅಂತ ಅಪ್ಪನಿಗೆ ಕೂಪನ್ನು ಕೊಡುತ್ತಿದ್ದರೇ ಹೊರತು ಮಗಳನ್ನು ಕಾಲೇಜಿಗೆ ಬಿಡಲಿ ಅಂತಲ್ಲ. ಹೊರೆ ಇಲ್ಲದಿದ್ದರೆ ವ್ಯಾನಿಲ್ಲ, ವ್ಯಾನಿಲ್ಲದಿದ್ದರೆ ನಾನಿಲ್ಲ. ಕಾಲೇಜು ತೆರೆಯುವ ದಿನ ಹತ್ತಿರ ಬಂದಿತ್ತು. ಅಪ್ಪ ಜಾಲಿ ಮರ ತೆಗೆಸಿಬಿಡುವ ಮಾತಾಡಿದ. ತೆಗೆಸಿದರೆ ಮತ್ತೆ ಅದೇ ದಿಣ್ಣೆ. ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಅವ್ವ ನೋಡಿದಳು, ನೋಡದ ಹಾಗೆ ಒಳಗೆ ಹೋದಳು.

ಮರುದಿನ ಅತ್ತೆ ತೋಟದಿಂದ ಹೊರೆ ಹೊತ್ತವಳು ವ್ಯಾನಿನ ಹತ್ತಿರ ನಿಲ್ಲಲೇ ಇಲ್ಲ. ಸೀದಾ ಅರಳಿಕಟ್ಟೆಗೆ ನಡೆದಳು. ಅಲ್ಲಿಂದ ಕೂಗಿದಳು: "ತಮ್ಮ, ಗಾಡಿ ಇಲ್ಲಿಗೆ ತಾರೋ. ಕಟ್ಟೆ ಪಕ್ಕಕ್ಕೆ ಒತ್ತು."

ಊರಿಗೆ ಊರೇ ಆ ಕಡೆ ತಿರುಗಿತು ಅಂದರೆ ಸುಳ್ಳಲ್ಲ. ಅರಳಿಕಟ್ಟೆ ಗಂಡಸರು ಕೂರುವ ಜಾಗ. ನ್ಯಾಯ ಪಂಚಾಯಿತಿ, ಎಲೆಅಡಿಕೆ, ಬೆಳಗಿನ ಬಿಸಿಲು ಎಲ್ಲ ಅಲ್ಲೇ. ಹೆಂಗಸರು ಹತ್ತುವುದು ನಾಗರಪಂಚಮಿ ದಿನ, ನಾಗರಕಲ್ಲಿಗೆ ಹಾಲೆರೆಯುವುದಕ್ಕೆ. ಉಳಿದ ದಿನ ಅದರ ಮುಂದೆ ಹೋಗುವಾಗಲೂ ಸೆರಗು ಹೊದ್ದು, ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು. ದೊಡ್ಡಪ್ಪ ಆಗಲೇ ಬಂದು ಕಂಬಳಿ ಹಾಸಿ ಕೂತಿದ್ದರು. ಅತ್ತೆಗೆ ಅವರು ಒಡಹುಟ್ಟಿದ ಅಣ್ಣ.

"ಅಣ್ಣ, ಒಂಚೂರು ಸರ್ಕೊ," ಅಂದಳು.

"ಏನಮ್ಮಾ ಇದು? ಹೆಂಗಸ್ರು ಕಟ್ಟೆ ಹತ್ತೋದಾ?"

"ಹಾಲು ಹೊತ್ಕೊಂಡು ಹತ್ತಿದ್ರೆ ಪುಣ್ಯ, ಸೊಪ್ಪು ಹೊತ್ಕೊಂಡು ಹತ್ತಿದ್ರೆ ಪಾಪಾನಾ? ಎರಡೂ ನಮ್ಮ ತಲೆ ಮೇಲಿನದೇ ಅಲ್ವಾ?"

"ಊರು ಏನನ್ನುತ್ತೆ?"

"ಊರು ಅಂದ್ರೆ ನೀನೇ ತಾನೆ? ನೀನು ಏನಂತೀಯ ಹೇಳು. ಬೇಗ ಹೇಳು, ಕತ್ತು ಕಳಚ್ತಾ ಇದೆ."

ದೊಡ್ಡಪ್ಪ ಕೂತ ಕಡೆಯಿಂದ ಸರಿಯಲಿಲ್ಲ. ಅತ್ತೆ ಮೆಟ್ಟು ಬಿಟ್ಟು ಕಲ್ಲು ಮೆಟ್ಟಿಲು ಹತ್ತಿದಳು. ಅಪ್ಪ ವ್ಯಾನು ತಂದು ಕಟ್ಟೆಗೆ ಒತ್ತಿ ನಿಲ್ಲಿಸಿದ. ಕಟ್ಟೆ ಮೇಲೆ ನಿಂತರೆ ಹಲಗೆ ಅವಳ ಕಿವಿಗಿಂತ ಒಂದಿಷ್ಟು ಕೆಳಗೇ ಇತ್ತು. ಅವಳು ಕತ್ತು ಓಲಿಸಿದಳು. ಮಂಕರಿ ಜಾರಿ ಹಲಗೆ ಮೇಲೆ ಕೂತಿತು. ದಂಟಿನ ಸೊಪ್ಪಿನಿಂದ ನೀರು ತೊಟ್ಟಿಕ್ಕಿ ದೊಡ್ಡಪ್ಪನ ರುಮಾಲಿನ ಮೇಲೆ ಬಿತ್ತು. ಅವರು ಅದನ್ನು ಒರೆಸಿಕೊಳ್ಳಲೂ ಇಲ್ಲ, ದಾರಿ ಕಡೆ ನೋಡುತ್ತಾ ಕೂತೇ ಇದ್ದರು. ಕೆಳಗೆ ನಿಂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಏಣಿ ಕೇಳಿದ್ದವಳು ಹತ್ತಿದಳು. ಅವಳ ಹಿಂದೆ ಉಳಿದವರು.

ಮರುದಿನ ಬೆಳಿಗ್ಗೆ ದೊಡ್ಡಪ್ಪನ ಕಂಬಳಿ ಮರದ ಆಚೆ ಬದಿಗೆ ಹೋಗಿತ್ತು. ಮೆಟ್ಟಿಲ ಹತ್ತಿರ ಒಂದು ನೀರಿನ ಹಂಡೆ, ಒಂದು ಚೊಂಬು. "ಕಾಲು ತೊಳ್ಕೊಂಡು ಹತ್ರೀ," ಅಂದರು ದೊಡ್ಡಪ್ಪ, ಯಾರ ಕಡೆಗೂ ನೋಡದೆ. ನಸುಕಿನಲ್ಲೇ ಎದ್ದು ಹಂಡೆ ತುಂಬಿಸಿಟ್ಟವರು ಅವರೇ ಅಂತ ದೊಡ್ಡಮ್ಮ ನಮಗೆ ಆಮೇಲೆ ಹೇಳಿದಳು.

ಮಾರ್ಕೆಟ್ಟಿನಲ್ಲಿ ಇಳಿಸುವವರಿಗೆ ಮಾತ್ರ ಈ ಎತ್ತರ ಹಬ್ಬ. ಅಲ್ಲಿನ ಕೂಲಿಗಳು ವ್ಯಾನಿನ ಪಕ್ಕ ನಿಂತರೆ ಮಂಕರಿ ಸೀದಾ ತಲೆಗೇ ಬರುತ್ತಿತ್ತು.

ಆ ವರ್ಷದ ಮಳೆ ನೆನೆಸಿಕೊಂಡರೆ ಈಗಲೂ ಮೈ ಒದ್ದೆಯಾದ ಹಾಗಾಗುತ್ತೆ. ಕೋಡಿ ಬಿದ್ದದ್ದು ಬಹಳ ದಿನ ನಿಲ್ಲಲೇ ಇಲ್ಲ. ಒಂದು ದಿನ ನೀರು ಎಷ್ಟಿತ್ತು ಅಂದರೆ ಜಾಡೇ ಕಾಣುತ್ತಿರಲಿಲ್ಲ. ಅತ್ತೆ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಒಂದು ಕೋಲು ಹಿಡಿದು ವ್ಯಾನಿನ ಮುಂದೆ ನೀರಿನಲ್ಲಿ ನಡೆದಳು. ಕೋಲು ಊರಿದ ಕಡೆ ಅಪ್ಪ ಚಕ್ರ ಬಿಟ್ಟ. ನಾನು ಪುಸ್ತಕದ ಚೀಲ ಎದೆಗೆ ಅವುಚಿಕೊಂಡು ಕೂತಿದ್ದೆ. ನೀರು ಕಾಲಿನ ಹಲಗೆಯ ಸಂದಿನಿಂದ ಒಳಗೆ ಬಂತು. ನಡು ದಾರಿಯಲ್ಲಿ ಚಕ್ರ ಒಮ್ಮೆ ಜಾರಿತು. ಅಪ್ಪ, "ನಮ್ಮಪ್ಪಾ, ನಮ್ಮಪ್ಪಾ," ಅಂತ ಎತ್ತಿಗೆ ಅನ್ನುವ ಹಾಗೇ ಗಾಡಿಗೂ ಅಂದ. ಮಿಲಿಟರಿ ಟೈರು ಎಲ್ಲೋ ಕಚ್ಚಿತು. ಆಚೆ ಏರಿದ ಮೇಲೆ ಅತ್ತೆ ಒದ್ದೆ ಸೀರೆ ಹಿಂಡಿಕೊಂಡು ತೊಟ್ಟಿ ಹತ್ತಿ ಹೂವಿನ ಬುಟ್ಟಿಗಳ ನಡುವೆ ಕೂತಳು. "ಹೊತ್ತಾಯ್ತು, ಬಿಡೋ," ಅಂದಳು.

ಆ ದಿನ ತರಗತಿಯಲ್ಲಿ ಹಾಜರಿ ಕೂಗುವಾಗ ನನ್ನ ಕಾಲು ಮಂಡಿಯವರೆಗೆ ಕೆಸರು. ಕಾಕ್ಸ್ ಟೌನಿನಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳು ನನ್ನನ್ನು ಕೊತ್ತಂಬರಿ ಅಂತಲೇ ಕರೆಯುತ್ತಿದ್ದಳು, ನನ್ನ ಸೀರೆ ಹಾಗೆ ನಾರುತ್ತಿತ್ತು. ಮೊದಮೊದಲು ಕಣ್ಣಲ್ಲಿ ನೀರು ಬರುತ್ತಿತ್ತು. ಒಂದು ದಿನ ಅವಳಿಗೆ ಒಂದು ಕಟ್ಟು ತಂದು ಕೊಟ್ಟೆ. "ಮಮ್ಮಿ ಕೇಳ್ತಾ ಇದಾಳೆ, ನಾಳೆನೂ ತಾ," ಅಂದಳು. ಆಮೇಲೆ ನಾವು ಗೆಳತಿಯರಾದೆವು. ಆ ಮಳೆಗಾಲ ಪೂರ್ತಿ ಪ್ರೊಫೆಸರು ನನ್ನ ಹೆಸರು ಕೂಗಿದರೆ "ಪ್ರೆಸೆಂಟ್" ಅನ್ನುವ ದನಿ ಇರುತ್ತಿತ್ತು. ವರ್ಷದ ಕೊನೆಗೆ ಪ್ರಿನ್ಸಿಪಾಲರು ಹಾಜರಿ ನೋಡಿ ತಲೆ ಎತ್ತಿ ನನ್ನನ್ನೊಮ್ಮೆ ನೋಡಿದರು. ಪರೀಕ್ಷೆಗೆ ಕೂತೆ. ಪಾಸಾದೆ. ನಮ್ಮ ವಂಶದಲ್ಲಿ ಬಿ.ಎ. ಅಂತ ಹೆಸರಿನ ಮುಂದೆ ಬರೆದುಕೊಂಡವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ.

ಘಟಿಕೋತ್ಸವಕ್ಕೆ ಮೈಸೂರಿಗೆ ಹೋಗಲಿಲ್ಲ. ಅಷ್ಟು ದೂರ ಹೋಗಿ ಉಳಿಯುವುದಕ್ಕೆ ನಮಗೆ ಅಲ್ಲಿ ಯಾರಿದ್ದರು? ಸರ್ಟಿಫಿಕೇಟು ಕಾಲೇಜಿಗೇ ಬಂತು. ಬರಹೇಳಿದ ದಿನ ಮಾರ್ಕೆಟ್ಟಿನಲ್ಲಿ ಹೊರೆ ಇಳಿಸಿ ಮೂವರೂ ಹೋದೆವು. ಅಪ್ಪ, ಅತ್ತೆ ಒಳಗೆ ಬರಲು ಒಪ್ಪಲಿಲ್ಲ, ಗೇಟಿನ ಹತ್ತಿರವೇ ಉಳಿದರು. ಪ್ರಿನ್ಸಿಪಾಲರು ಎದ್ದು ನಿಂತು, ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು. ದಪ್ಪ ಕಾಗದ. ನನ್ನ ಹೆಸರನ್ನು ಅಷ್ಟು ಚಂದದ ಅಕ್ಷರದಲ್ಲಿ ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಹೊರಗೆ ಬಂದೆ. ಅಪ್ಪ ವ್ಯಾನಿನ ಕೆಳಗೆ ಮಲಗಿದ್ದ. ಭಾರ ಬಿದ್ದು ಬಿದ್ದು ಜಾಲಿ ಮರ ಒಂದಿಷ್ಟು ಕೂತುಕೊಂಡು ಬೋಲ್ಟು ಸಡಿಲವಾಗುತ್ತಿತ್ತು, ಪುರಸೊತ್ತು ಸಿಕ್ಕಾಗಲೆಲ್ಲ ಬಿಗಿಯುತ್ತಿದ್ದ. ನನ್ನ ಕಾಲು ಕಂಡವನೇ ತೆವಳಿಕೊಂಡು ಹೊರಬಂದ. ಮುಖದ ತುಂಬ ಮಣ್ಣು, ಮೊಣಕೈವರೆಗೆ ಗ್ರೀಸು. ಕಾಗದ ನೋಡಿದ. ಕೈ ಚಾಚಿದವನು ಹಾಗೇ ನಿಂತ, ಆ ಕೈ ಏನು ಮಾಡಬೇಕೋ ಅವನಿಗೆ ತಿಳಿಯಲಿಲ್ಲ.

ಅತ್ತೆ ಮುಂದೆ ಬಂದು, ಅಂಗೈಗಳನ್ನು ಸೆರಗಿಗೆ ಎರಡೆರಡು ಸಲ ಒರೆಸಿಕೊಂಡಳು.

"ಅವನ ಕೈಗೆ ಕೊಡಬೇಡ್ವೇ, ಬರೀ ಗ್ರೀಸು. ಇಲ್ಲಿ ತಾ. ನಾನು ಹಿಡ್ಕೋತೀನಿ, ಅವನು ನೋಡ್ಲಿ."